ಬಾವುಟ ಹಿಡಿಯುವ ಸರದಿ

ಅಕ್ಟೋಬರ್ 26. ನಾಡಿದ್ದು ರಾಷ್ಟ್ರೀಯ ದಿನಕ್ಕೆ ನಡೆಯುವ ಶಾಲಾ ಮೆರವಣಿಗೆಯ ಕುರಿತು ಮುಖ್ಯೋಪಾಧ್ಯಾಯರಿಗೆ ಬೆಳಿಗ್ಗೆ ಕೊಡಬೇಕಾದ ಉತ್ತರವನ್ನು ನಿರ್ಧರಿಸಲೆಂದೇ ಇದನ್ನು ಬರೆಯುತ್ತಿದ್ದೇನೆ.

ಓದಿನಲ್ಲಿ ಮೊದಲು ಬಂದವರು ಗ್ರೀಸಿನ ಬಾವುಟ ಹಿಡಿದು ಮುಂದೆ ನಡೆಯುವುದು ವಾಡಿಕೆ. ಈ ವರ್ಷ ಮೊದಲು ಬಂದವಳು ನಾನು. ನಮ್ಮ ಮನೆಯವರು ಅಲ್ಬೇನಿಯಾದಿಂದ ಬಂದವರೆಂದು ಕೆಲವು ಪೋಷಕರು ತಕರಾರು ತೆಗೆದಿದ್ದಾರೆ. ಅಪ್ಪ ಗಾರೆ ಕೆಲಸ ಮಾಡುವುದು ಅವರ ಮನೆಗಳಲ್ಲೇ.

"ಜ್ವರ ಬಂದಿದೆ ಅಂದ್ಬಿಡು ಮಗಳೇ, ಗಲಾಟೆ ಮುಗಿಯುತ್ತೆ," ಎಂದರು ಅಪ್ಪ.

"ಈಗಷ್ಟೇ ಎರಡು ಬಟ್ಟಲು ಬೀನ್ಸ್ ಸಾರು ಕುಡಿದವಳಿಗೆ ಎಲ್ಲಿಯ ಜ್ವರ ರೀ?" ಎಂದಳು ಅಮ್ಮ.

ಸಾಕ್ರಟೀಸನನ್ನೂ ಸೆರೆಮನೆಯಿಂದ ತಪ್ಪಿಸಲು ಗೆಳೆಯರು ಎಲ್ಲ ಏರ್ಪಾಡು ಮಾಡಿದ್ದರು, ಅವನು ಹೋಗಲಿಲ್ಲ. ಅದಕ್ಕೆ ಕಾರಣಗಳನ್ನು ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ಪಡೆದೆ. ಕರೆದೊಯ್ಯಲು ಬಂದ ಗೆಳೆಯನ ಮುಖ ನೋಡುತ್ತ ಬೇಡವೆನ್ನುವುದು ಎಷ್ಟು ಕಷ್ಟವಾಗಿತ್ತೆಂದು ಮಾತ್ರ ಯೋಚಿಸಿರಲಿಲ್ಲ. ಅಪ್ಪ ಇನ್ನೂ ಮಲಗಿಲ್ಲ.

ಬಾವುಟವನ್ನು ನಾನು ಬಿಟ್ಟುಕೊಡುವುದಿಲ್ಲ.