ಅಬ್ಬಾನ ಗಡ್ಡ

೧೧ ಮೇ ೨೦೨೧, ಮಂಗಳವಾರ

ಇವತ್ತು ಒಂದು ಗಂಟೆಯನ್ನು ಸುಮ್ಮನೆ ಹಾಳುಮಾಡಿದೆ. ಅದೇ ಕೊರೆಯುತ್ತಿದೆ.

ಯಾವ ಆಸ್ಪತ್ರೆಯಲ್ಲೂ ಹಾಸಿಗೆ ಸಿಗದೆ, ಕೋವಿಡ್ ಬಂದ ಅಬ್ಬಾಗೆ ಮನೆಯಲ್ಲೇ ಆಕ್ಸಿಜನ್ ಕೊಡುತ್ತಿದ್ದೇವೆ. ಬೆಳಿಗ್ಗೆ ಅವರ ಆಕ್ಸಿಜನ್ ಮಟ್ಟ ಎಂಬತ್ತೇಳಕ್ಕೆ ಇಳಿದಿತ್ತು. ಡಾಕ್ಟರು ವಿಡಿಯೋ ಕಾಲ್‌ನಲ್ಲಿ ನೋಡಿ, "ಗಡ್ಡದಿಂದ ಮಾಸ್ಕ್ ಸರಿಯಾಗಿ ಕೂರ್ತಿಲ್ಲಮ್ಮ, ಗಾಳಿ ಸೋರ್ತಿದೆ. ತೆಗೆದುಬಿಡಿ" ಎಂದರು.

ಹಜ್‌ನಿಂದ ಬಂದ ಮೇಲೆ ಇಪ್ಪತ್ತೆರಡು ವರ್ಷ ಬಿಟ್ಟ ಗಡ್ಡ ಅದು. ಯಾವ ಬಾಯಲ್ಲಿ ಕೇಳಲಿ ಎಂದು ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾ ನಿಂತೆ. ಕೊನೆಗೆ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಹೋದರೆ, ಅಬ್ಬಾ ಆಗಲೇ ಕೊರಳಿಗೆ ಟವೆಲ್ ಸುತ್ತಿಕೊಂಡು ಕೂತಿದ್ದರು.

"ಡಾಕ್ಟರ್ ಹೇಳಿದ್ದು ನಂಗೂ ಕೇಳಿಸ್ತು, ತಸ್ನೀಮ್. ಯಾಕಮ್ಮ ಇಷ್ಟ್ ಹೊತ್ತು?"

ಕತ್ತರಿಯನ್ನು ಮುಂದೆ ತಂದೆ. ಕತ್ತರಿಸಿದೆ, ಆಮೇಲೆ ರೇಜರ್‌ನಲ್ಲಿ ನುಣ್ಣಗೆ ಮಾಡಿದೆ. ಗಡ್ಡದ ಕೆಳಗೆ ಕೆನ್ನೆಗಳು ಇಷ್ಟು ಒಳಗೆ ಹೋಗಿದ್ದು ಗೊತ್ತೇ ಇರಲಿಲ್ಲ. ಮಾಸ್ಕ್ ಬಿಗಿಯಾಗಿ ಕೂತಿತು. ಸಂಜೆಗೆ ತೊಂಬತ್ತೆರಡಾಯಿತು.

ರಾತ್ರಿ ಗಂಜಿ ಕುಡಿಸುವಾಗ ಕನ್ನಡಿ ಕೇಳಿದರು. ತುಂಬಾ ಹೊತ್ತು ನೋಡಿಕೊಂಡು, "ಯಶವಂತಪುರದ ಮಂಡೀಲಿ ಇನ್ನು ಯಾರೂ ನನ್ನ ಗುರುತು ಹಿಡಿಯಲ್ಲ" ಎಂದರು.

ಕಾಯಿಲೆ ಬಿದ್ದ ಮೇಲೆ ಅಬ್ಬಾ ಮತ್ತೆ ವ್ಯಾಪಾರಕ್ಕೆ ಮಂಡಿಗೆ ಹೋಗುವ ಮಾತಾಡಿದ್ದು ಇದೇ ಮೊದಲು.