ದವಡೆ ನೋಡದ ಹುಳು

ಜನವರಿ 8, ಬೆಳಿಗ್ಗೆ 10.20
ಹನ್ನೊಂದು ಸೀಸೆ ಮುಗಿಯಿತು. ಇನ್ನೂ ನಲವತ್ತು. ಜಯಪ್ರಕಾಶ್ ಸರ್‌ಗೆ ಸಂಜೆಯೊಳಗೆ ರಿಪೋರ್ಟ್ ಬೇಕಂತೆ... ಅವರಪ್ಪನ ಮನೆ ಕೆಲಸ! ಫೀಲ್ಡ್‌ಮನ್ ಗುರುಚರಣ, ಮಾಧವರಂ ಊರಾಚೆಯ ಬದನೆ ತೋಟದಿಂದ ತಂದ ಗುಲಗಂಜಿ ಹುಳು. ಸ್ಪಿರಿಟ್‌ನಲ್ಲಿ ಫಳಫಳ. ಗಿಡದ ಹೇನು ತಿನ್ನುವ ಜಾತಿ ಎಂದು ಬರೆದೆ. ಖಾತ್ರಿಗೆ ದವಡೆ ಬಿಚ್ಚಿ ನೋಡಬೇಕು — ಟೈಮ್ ಎಲ್ಲಿ?
"ಹಂಗಾರೆ ಒಳ್ಳೇ ಹುಳ, ಔಷಧಿ ಹೊಡೀಬೇಡಿ ಅಂತ ತೋಟದವ್ರಿಗೆ ಹೇಳ್ಬುಡ್ಲಾ ಮೇಡಂ?" ಎಂದ ಗುರು.
ಹೇಳು ಎಂದೆ.

ಜನವರಿ 27
ಗುರುವಿನ ಫೋನ್. ಹುಳು ತಿಂದು ಎಲೆಯೆಲ್ಲ ಜಾಲರಿ. ಕೋಯಂಬೇಡು ಮಾರ್ಕೆಟ್ಟಿಗೆ ಒಂದು ಕಾಯಿಯೂ ಹೋಗಿಲ್ಲವಂತೆ. "ಇನ್ನೊಂದ್ ಸಲ ನೋಡಿ ಮೇಡಂ. ತೋಟದ ಅಣ್ಣ ತಮ್ಮ ಇಬ್ರೂ ಮಚ್ಚು ಹಿಡ್ಕಂಡೇ ಮಾತಾಡ್ತಾವ್ರೆ." ಬೈದೆ. ಹದಿನಾರು ವರ್ಷದ ಸರ್ವಿಸ್, ನನಗೇ ಪಾಠವೇ?

ಜನವರಿ 30, ಮಧ್ಯಾಹ್ನ 3
ಗುರುವನ್ನು ಬಡಿದಿದ್ದಾರೆ. ಬೇಲಿಯ ಗೂಟ ಕಿತ್ತು. ಒಂದು ಕಣ್ಣು ಹೋಯಿತು. ಮೂರು ಪಕ್ಕೆಲುಬು. ಬಿದ್ದವನ ಬಾಯಿಗೆ ಹಿಡಿಗಟ್ಟಲೆ ಹುಳು ತುರುಕಿದರಂತೆ. "ನಲ್ಲ ಪೂಚ್ಚಿ ದಾನೇ... ತಿನ್ನುಡಾ!" — ಒಳ್ಳೇ ಹುಳ ತಾನೇ, ತಿನ್ನು ಅಂತ.

ಅದೇ ದಿನ, 5.40
ಸೀಸೆಯಿಂದ ಒಂದನ್ನು ತೆಗೆದು ಒಣಗಿಸಿದೆ. ಬೆನ್ನ ತುಂಬ ನವಿರು ಕೂದಲು ಎದ್ದವು. ಒದ್ದೆಯಲ್ಲಿ ಅಂಟಿಕೊಂಡಿದ್ದವು, ಅದಕ್ಕೇ ಆ ಹೊಳಪು. ತಲೆ ಮುರಿದು ದವಡೆ ಕಿತ್ತೆ. ಹೇನು ತಿನ್ನುವವಕ್ಕೆ ಇರುವ ಬುಡದ ಹಲ್ಲು ಇದಕ್ಕಿಲ್ಲ. ಎಪಿಲಾಕ್ನ... ಎಲೆ ತಿನ್ನುವ ಕುಲ. ಟ್ರೈನಿಂಗ್‌ನಲ್ಲಿ ನಾನೇ ಹೇಳಿಕೊಡುವ ಪಾಠ! ಉಳಿದವನ್ನೆಲ್ಲ ಹೆಬ್ಬೆರಳಲ್ಲಿ ಹೊಸಕಿದೆ. ಸಾಲದೆನಿಸಿತು.

ಫೆಬ್ರವರಿ 2
ಜಯಪ್ರಕಾಶ್ ಸರ್ ಕರೆದರು. "ನಿಮ್ಮ ರಿಪೋರ್ಟ್ ಹರಿದ್ಹಾಕಿ. ಗುರು ತಾನಾಗೇ ಹೇಳ್ದ ಅಂತ ಎನ್‌ಕ್ವೈರೀಲಿ ಬರೆಸೋಣ. ಟೆಂಪೊರರಿ ತಾನೇ, ತೆಗೆದ್ರಾಯ್ತು." ಪೇಪರ್‌ವೇಟ್ ಅವರ ಹಣೆಗೆ ಎಸೆಯಬೇಕೆನಿಸಿತು. ಕಿಟಕಿಗೆ ಎಸೆದೆ. ಗಾಜು ಪುಡಿ. ಹೇಡಿ ನಾನು.

ಫೆಬ್ರವರಿ 6
ಹರಿಯಲಿಲ್ಲ. ರಿಪೋರ್ಟನ್ನು ಆಸ್ಪತ್ರೆಗೇ ಒಯ್ದು ಗುರುವಿನ ಹೆಂಡತಿ ಕಲಾವತಿಯ ಕೈಗಿತ್ತೆ. ತಪ್ಪು ನನ್ನದು, ಎನ್‌ಕ್ವೈರಿಯಲ್ಲಿ ಇದನ್ನು ತೋರಿಸು ಎಂದೆ.
"ಬರ್ದಿದ್ದು ನೀವೇಯಾ?"
"ನಾನೇ."
"ಯಾವ್ ಕೈಲಿ?"
ಬಲಗೈಯನ್ನು ಮಂಚದ ಪಕ್ಕದ ಮೇಜಿನ ಮೇಲೆ ಚಾಚಿದೆ. ಅವಳು ಕಾಗದ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಆಮೇಲೆ ಸ್ಟೀಲ್ ಫ್ಲಾಸ್ಕ್ ಎತ್ತಿದಳು. ನಾಲ್ಕು ಏಟು. ಎರಡು ಬೆರಳು ಮುರಿದವು. ಕೈ ತೆಗೆಯಲಿಲ್ಲ.
ಎಡಗೈಯಲ್ಲಿ ಬರೆಯುತ್ತಿದ್ದೇನೆ. ಏಟು ತಡೆದುಕೊಂಡೆ. ಆದರೆ ಮಂಚದಿಂದ ಗುರು, ಉಳಿದ ಒಂದು ಕಣ್ಣು ಬಿಟ್ಟು, "ಬುಡೇ... ಮೇಡಂಗೆ ನೋಯ್ತದೆ" ಎಂದನಲ್ಲ, ಆ ಮಾತನ್ನು —