ಎಡಗೈಯ ಸಹಿ

ಅಪ್ಪಾ,

ಇವತ್ತು ನಿನ್ನ ಪರಿಹಾರದ ಅರ್ಜಿ ಹಿಡಿದುಕೊಂಡು ಕಾರ್ಮಿಕ ಕಚೇರಿಗೆ ಹೋಗಿದ್ದೆ. ಗುಮಾಸ್ತರು ಅಪಘಾತದ ತಾರೀಖನ್ನಷ್ಟೇ ನೋಡಿದರು. "ಎರಡು ವರ್ಷದೊಳಗೆ ಕೊಡ್ಬೇಕಿತ್ತಮ್ಮ. ಗಡುವು ಮುಗಿದು ಹನ್ನೊಂದು ದಿನ ಆಯ್ತು. ಇಷ್ಟು ದಿನ ಏನ್ಮಾಡ್ತಿದ್ರಿ?"

ಕಾಗದ ಕತ್ತರಿಸುವ ಯಂತ್ರ ನಿನ್ನ ಬಲಗೈ ಬೆರಳುಗಳನ್ನು ನುಂಗಿದ ಮೇಲೂ ನೀನು ಹಟ ಬಿಡಲಿಲ್ಲ. "ಮೂವತ್ತು ವರ್ಷ ಪ್ರೆಸ್ಸಲ್ಲಿ ದುಡಿದೋನು ಹೆಬ್ಬೆಟ್ಟು ಒತ್ತೋದಾ? ಥೂ!" ಹಳೇ ಕರಡಚ್ಚುಗಳ ಬೆನ್ನಿನ ಮೇಲೆ ದಿನವೂ ನೀನು ಎಡಗೈಯಲ್ಲಿ ಹೆಸರು ಬರೆದು ತಿದ್ದಿದೆ. ಗಡುವಿಗೆ ಇನ್ನೂ ಒಂದು ವಾರವಿದ್ದಾಗ ಅರ್ಜಿಗೆ ಸಹಿ ಹಾಕಿ ತೋರಿಸಿದೆ.

"ಸ್ವಲ್ಪ ನಡುಗಿದೆ ಅಪ್ಪ, ಇನ್ನೊಂದ್ಸಲ ಬರಿ" ಅಂದವಳು ನಾನೇ.

ಎರಡೇ ದಿನಕ್ಕೆ ನೀನು ಹೋಗಿಬಿಟ್ಟೆ. ನಿನ್ನ ಹಿಂದೆಯೇ, ಸೂತಕದ ದಿನಗಳಲ್ಲಿ, ಗಡುವೂ ಹೋಯಿತು.

ಇವತ್ತು ಕೊಟ್ಟದ್ದು ಆ ನಡುಗಿದ ಸಹಿಯನ್ನೇ. ಗುಮಾಸ್ತರು ಅದನ್ನು ನೋಡಲೇ ಇಲ್ಲ.